ಎಂಟು ಹಾಸಿಗೆ, ಹನ್ನೆರಡು ಪುಸ್ತಕ

ಬೆಳಗಿನ ಐದೂಕಾಲು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನೀರು ಶುದ್ಧ ಮಾಡುವ ಯಂತ್ರವೊಂದು ಗುಂಯ್‌ಗುಡುತ್ತಿದೆ. ಸಾಲಾಗಿ ಎಂಟು ಹಾಸಿಗೆ, ಪ್ರತಿ ಹಾಸಿಗೆಯ ಪಕ್ಕದಲ್ಲೂ ಒಂದೊಂದು ಡಯಾಲಿಸಿಸ್ ಯಂತ್ರ. ನೀಲಿ ಏಪ್ರನ್ ತೊಟ್ಟ ಐವತ್ತೆರಡು ವರ್ಷದ ಆಯಾ ಒಬ್ಬರು ಎಡಗಾಲನ್ನು ತುಸು ಎಳೆಯುತ್ತ ನೆಲ ಒರೆಸುತ್ತಿದ್ದಾರೆ. ಬಾಯಲ್ಲಿ ಏನೋ ಗೊಣಗಾಟ. ಹತ್ತಿರ ಹೋಗಿ ಕಿವಿಗೊಟ್ಟರೆ ಅದು ಹಾಡೂ ಅಲ್ಲ, ಬೈಗುಳವೂ ಅಲ್ಲ. ‘ಬಾಗಿಲು ತೆರೆದವಳು ತಾಯಿಯಲ್ಲ, ಅವಳ ತಂಗಿ’ ಎಂಬ ಒಂದೇ ಸಾಲನ್ನು ಮೂರು ಬಗೆಯಲ್ಲಿ ಹೇಳಿ ನೋಡುತ್ತಿದ್ದಾರೆ. ಒಂಬತ್ತೂಕಾಲಕ್ಕೆ ಎಂಟು ಜನರ ಮುಂದೆ ಆ ಸಾಲನ್ನು ಓದಬೇಕು. ಯಾವ ಪದದ ಮೇಲೆ ಭಾರ ಹಾಕಿದರೆ ಕೇಳುವವರ ಎದೆ ಧಸಕ್ಕೆನ್ನುತ್ತದೆ ಎನ್ನುವುದು ಇನ್ನೂ ಇತ್ಯರ್ಥವಾಗಿಲ್ಲ.

ಒರೆಸಿ ಮುಗಿದ ಮೇಲೆ ಹಾಸಿಗೆಗಳಿಗೆ ಒಗೆದ ಹೊದಿಕೆ, ಕಾಲ ಬಳಿ ಮಡಿಸಿದ ಕಂಬಳಿ. ಯಂತ್ರದೊಳಗೆ ಸುತ್ತಿ ಬರುವ ರಕ್ತ ಮೈಯನ್ನು ತಣ್ಣಗೆ ಮಾಡುತ್ತದೆ, ಹಾಗಾಗಿ ಕಡುಬೇಸಿಗೆಯಲ್ಲೂ ಇಲ್ಲಿ ಕಂಬಳಿ ಬೇಕು. ಮೂರನೇ ಹಾಸಿಗೆಯವರಿಗೆ ಎರಡು ಬೇಕು. ಬಾಗಿಲ ಪಕ್ಕದ ತೂಕದ ಯಂತ್ರವನ್ನು ಸೊನ್ನೆಗೆ ತಂದು ನಿಲ್ಲಿಸುವ ಹೊತ್ತಿಗೆ ಮೆಟ್ಟಿಲ ಮೇಲೆ ಚಪ್ಪಲಿ ಎಳೆಯುವ ಸದ್ದು ಕೇಳುತ್ತದೆ. “ಬಂತಪ್ಪ ನನ್ನ ದಂಡು” ಎನ್ನುತ್ತ ಅವರು ಬಕೆಟ್ಟನ್ನು ಮರೆಗೆ ಸರಿಸುತ್ತಾರೆ.

ಹಾಜರಿ ಪುಸ್ತಕದಲ್ಲಿ ಇವರ ಹುದ್ದೆ ಸ್ವಚ್ಛತಾ ಸಹಾಯಕಿ. ಆ ದಂಡಿನ ಬಾಯಲ್ಲಿ ಮಾತ್ರ ಓದಮ್ಮ. ಎಂಟು ಹಾಸಿಗೆಯ ಈ ಓದುವ ಬಳಗಕ್ಕೆ ತಿಂಗಳಿಗೊಂದರಂತೆ ವರ್ಷಕ್ಕೆ ಹನ್ನೆರಡು ಪುಸ್ತಕ ಹುಡುಕಿ, ಆರಿಸಿ, ಓದಿ ಹೇಳುವುದು ಇವರ ಕೆಲಸ. ಯಾರೂ ವಹಿಸಿದ್ದಲ್ಲ, ಯಾವ ಆದೇಶದಲ್ಲೂ ಇಲ್ಲ. ಏಳು ವರ್ಷದಿಂದ ಮಾಡುತ್ತಿದ್ದಾರೆ. ಈಗ ಡಿಸೆಂಬರ್. ಬರುವ ವರ್ಷದ ಪಟ್ಟಿ ಗೋಡೆಗೆ ಏರಬೇಕಾದ ತಿಂಗಳು. ಓದಮ್ಮನ ಪ್ರಕಾರ ವರ್ಷದಲ್ಲಿ ನಿದ್ದೆಗೆಡಿಸುವ ತಿಂಗಳೆಂದರೆ ಇದೊಂದೇ.

ಕಿಡ್ನಿ ಕೈಕೊಟ್ಟವರು ಇಲ್ಲಿಗೆ ವಾರಕ್ಕೆ ಮೂರು ಸಲ ಬರುತ್ತಾರೆ. ಓದಮ್ಮನ ದಂಡಿನದು ಸೋಮವಾರ, ಬುಧವಾರ, ಶುಕ್ರವಾರ, ಬೆಳಿಗ್ಗೆ ಆರರಿಂದ ಹತ್ತು. “ಕೈಗೆ ಎರಡು ಸೂಜಿ. ಒಂದರಲ್ಲಿ ರಕ್ತ ಹೋಗುತ್ತೆ, ಇನ್ನೊಂದರಲ್ಲಿ ವಾಪಸ್ ಬರುತ್ತೆ. ನಾಲ್ಕು ಗಂಟೆ ಆ ಕೈ ಅಲ್ಲಾಡಿಸೋ ಹಾಗಿಲ್ಲ. ಮಿಕ್ಕಿರೋ ಒಂದು ಕೈಯಲ್ಲಿ ಪುಸ್ತಕ ಹಿಡೀತಾರಾ, ಹಾಳೆ ಮಗುಚ್ತಾರಾ, ಮೂಗು ತುರಿಸ್ಕೊಳ್ತಾರಾ, ನೀವೇ ಹೇಳಿ” ಎಂದು ಓದಮ್ಮ ಕೇಳುತ್ತಾರೆ.

ಶುರುವಾದದ್ದು ಹಾಗೆಯೇ, ಒಂದು ಹಾಳೆಯಿಂದ. ಎರಡನೇ ಹಾಸಿಗೆಯ ಬಸ್ ಡ್ರೈವರ್ ಒಂದು ದಿನ ಪೇಪರಿನ ಪುಟ ತಿರುಗಿಸಿಕೊಡಲು ಕರೆದರು. ಓದಮ್ಮ ತಿರುಗಿಸಿದರು. ಮತ್ತೆ ಕರೆದರು, ಮತ್ತೆ ತಿರುಗಿಸಿದರು. ನಾಲ್ಕನೇ ಸಲ ತಾಳ್ಮೆಗೆಟ್ಟು, “ಕೊಡಿ ಇಲ್ಲಿ, ಓದೇ ಹೇಳ್ತೀನಿ” ಎಂದು ಗೋಡೆಗೆ ಒರಗಿ ನಿಂತು ಓದಿದರು. ಪಕ್ಕದ ಹಾಸಿಗೆಯವರು, “ಸ್ವಲ್ಪ ಜೋರಾಗಿ ಓದ್ರಿ, ನಾವೇನ್ ಪಾಪ ಮಾಡಿದೀವಿ” ಎಂದರು. ವಾರ ಕಳೆಯುವಷ್ಟರಲ್ಲಿ ಪೇಪರ್ ಬೇಸರವಾಗಿ ಕಥೆ ಬಂತು.

ಓದಮ್ಮ ಕಲಿತದ್ದು ಏಳನೇ ಕ್ಲಾಸು. ಓದು ಮಾತ್ರ ಮಾವನ ಕೊಡುಗೆ. ಅವರು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿ ಜೋಡಿಸಿ ಕಣ್ಣು ಕಳೆದುಕೊಂಡವರು. ಸೊಸೆ ಮನೆಗೆ ಕಾಲಿಟ್ಟ ಎರಡನೇ ವಾರದಿಂದಲೇ ಪುಸ್ತಕ ಕೈಗಿತ್ತು ಎದುರಿಗೆ ಕೂರಿಸಿಕೊಂಡರಂತೆ. ಅತ್ತೆಗೆ ಮೈಯೆಲ್ಲ ಉರಿ. “ಒಲೆ ಮೇಲೆ ಹಾಲು ಉಕ್ಕಿ ಹೋಗ್ತಿದೆ, ಇವಳಿಗೆ ಪುಸ್ತಕ ಉಕ್ಕಿ ಬರ್ತಿದೆ ಅನ್ನೋರು. ಮಾವ ಬಿಡ್ತಿರಲಿಲ್ಲ. ಒಂದು ಅಕ್ಷರ ತಪ್ಪಿದ್ರೂ ‘ಹೂಂ?’ ಅಂತ ತಲೆ ಎತ್ತೋರು. ಅವರು ಹೋಗಿ ಹದಿನಾಲ್ಕು ವರ್ಷ ಆಯ್ತು. ಈಗ್ಲೂ ತಪ್ಪು ಓದಿದ್ರೆ ಆ ‘ಹೂಂ’ ಕೇಳಿಸುತ್ತೆ” ಎನ್ನುತ್ತಾರೆ ಓದಮ್ಮ.

ಒಳ್ಳೆಯ ಕೆಲಸಕ್ಕೆ ನೂರೆಂಟು ವಿಘ್ನ ತಾನೆ. ಆಯಾ ಪೊರಕೆ ಬಿಟ್ಟು ಪುಸ್ತಕ ಹಿಡಿದದ್ದನ್ನು ಕಂಡ ಆಸ್ಪತ್ರೆಯ ಮೇಲ್ವಿಚಾರಕರು ಕೆಂಡವಾದರು, ಬರಹದಲ್ಲಿ ಎಚ್ಚರಿಕೆ ಕೊಟ್ಟರು. ಆಗ ಅಡ್ಡ ನಿಂತದ್ದು ವಾರ್ಡಿನ ಹಿರಿಯ ನರ್ಸ್, ಎಲ್ಲರ ಸಿಸ್ಟರ್. ಕೊನೆಯ ಒಂದು ಗಂಟೆ ಬಂತೆಂದರೆ ರೋಗಿಗಳಿಗೆ ಕಾಲು ಸೆಳೆತ, ಸಂಕಟ. ಅರ್ಧ ಗಂಟೆ ಮುಂಚೆಯೇ ಬಿಚ್ಚಿ ಎಂದು ನಿತ್ಯ ಜಗಳ. ಎಂಟರಲ್ಲಿ ಐದು ಜನ ಹಾಗೆ ಅವಧಿಗೆ ಮುಂಚೆ ಎದ್ದು ಹೋಗುತ್ತಿದ್ದರು, ಅದು ಅವರ ಮೈಗೇ ಕೇಡು. ಓದು ಶುರುವಾದ ಎರಡನೇ ತಿಂಗಳಲ್ಲಿ ಹಾಗೆ ಎದ್ದವರು ಒಬ್ಬರೂ ಇಲ್ಲ. ಸಿಸ್ಟರ್ ರಿಜಿಸ್ಟರನ್ನು ಮೇಲ್ವಿಚಾರಕರ ಮೇಜಿನ ಮೇಲೆ ಬಿಚ್ಚಿಟ್ಟು, “ಔಷಧಿ ಅಂತ ಬರೆದುಕೊಡ್ಲಾ ಸರ್?” ಎಂದರಂತೆ. ವಿರಾಮದ ವೇಳೆಯಲ್ಲಿ ಮಾತ್ರ ಓದಬಹುದು ಎಂದು ಅಪ್ಪಣೆಯಾಯಿತು.

ಹೀಗೆ ಟೀ ವಿರಾಮದ ಅರ್ಧ ಗಂಟೆ ಓದಿಗೆ ಹೋಯಿತು. ಸಾಲದೆ ಬಂದ ಹತ್ತು ನಿಮಿಷವನ್ನು ತುಂಬಿಕೊಡಲು ಓದಮ್ಮ ಡ್ಯೂಟಿಗೆ ಕಾಲು ಗಂಟೆ ಮುಂಚೆ ಬರುತ್ತಾರೆ. ಒಂಬತ್ತೂಕಾಲರಿಂದ ಒಂಬತ್ತು ಐವತ್ತೈದರವರೆಗೆ ನಲವತ್ತು ನಿಮಿಷ, ಹನ್ನೆರಡು ಪುಟದ ಆಸುಪಾಸು. ತಿಂಗಳಿಗೆ ಹದಿಮೂರು ಕೂಟ. ಅಂದರೆ ನೂರ ಅರವತ್ತು ಪುಟ. ಅದಕ್ಕಿಂತ ದಪ್ಪದ ಪುಸ್ತಕ ಎಷ್ಟೇ ಚೆನ್ನಾಗಿರಲಿ, ಇಲ್ಲಿ ಪ್ರವೇಶವಿಲ್ಲ. ಆ ತಿಂಗಳು ಶುರುವಾದದ್ದು ಆ ತಿಂಗಳೇ ಮುಗಿಯಬೇಕು.

ಈ ಕಟ್ಟುನಿಟ್ಟು ಎಲ್ಲಿಂದ ಬಂತು ಎಂದು ಕೇಳಿದರೆ ಓದಮ್ಮ ಏಪ್ರನ್ನಿನ ಅಂಚು ಮಡಿಸುತ್ತಾರೆ, ಬಿಚ್ಚುತ್ತಾರೆ. ಮೊದಲ ವರ್ಷ ಅವರು ಮುನ್ನೂರು ಪುಟದ ಕಾದಂಬರಿಯೊಂದನ್ನು ಎತ್ತಿಕೊಂಡಿದ್ದರು. ನಡುವೆ ಆರನೇ ಹಾಸಿಗೆಯ ಬೇಕರಿಯವರು ತೀರಿಕೊಂಡರು. ಎರಡು ವಾರ ಕಳೆದು ಅವರ ಹೆಂಡತಿ ವಾರ್ಡಿನ ಬಾಗಿಲಿಗೆ ಬಂದು ನಿಂತರು. “ಯಾವ್ದಾದ್ರೂ ಕಾಗದಪತ್ರಕ್ಕೆ ಬಂದಿರ್ಬೇಕು ಅಂದ್ಕೊಂಡೆ. ಅಲ್ಲ. ‘ಅವರು ದಿನಾ ಮನೆಗೆ ಬಂದು ನಂಗೆ ಕಥೆ ಹೇಳೋರು. ಆ ಹುಡುಗಿಗೆ ಕೊನೆಗೆ ಅಣ್ಣ ಸಿಕ್ಕಿದ್ನಾ?’ ಅಂದ್ರು. ಅವರನ್ನ ಕಾರಿಡಾರಿನ ಬೆಂಚಿನ ಮೇಲೆ ಕೂರಿಸ್ಕೊಂಡು ಮಿಕ್ಕಿದ್ದೆಲ್ಲ ಓದಿದೆ. ಐದು ದಿನ ಬಂದು ಕೇಳಿಸ್ಕೊಂಡು ಹೋದ್ರು. ಹೋಗುವಾಗ ‘ಅವರಿಗೂ ಗೊತ್ತಾಗಿದ್ರೆ ಚೆನ್ನಾಗಿತ್ತು’ ಅಂದ್ರು. ಅವತ್ತೇ ತೀರ್ಮಾನ ಮಾಡಿದೆ, ಯಾರನ್ನೂ ಅರ್ಧ ಕಥೇಲಿ ಕಳಿಸೋದು ಬೇಡ ಅಂತ.”

ಪುಸ್ತಕ ಆರಿಸುವುದೆಂದರೆ ಇಲ್ಲಿ ರುಚಿಯ ಮಾತು ಮಾತ್ರವಲ್ಲ. ಯಂತ್ರಕ್ಕೆ ಬರುವವರಿಗೆ ದಿನಕ್ಕೆ ಕುಡಿಯಲು ಸಿಗುವುದು ಎರಡು ಮೂರು ಲೋಟ ನೀರು, ಅಷ್ಟೆ. ಕುಡಿದದ್ದೆಲ್ಲ ಮೈಯಲ್ಲೇ ನಿಲ್ಲುತ್ತದೆ, ತೂಕದಲ್ಲಿ ಕಾಣುತ್ತದೆ. ಇದನ್ನು ಬಲ್ಲ ಓದಮ್ಮನೇ ಒಂದು ಬೇಸಿಗೆಯಲ್ಲಿ ಎಡವಿದರು. ಬಿಸಿಲಲ್ಲಿ ನಡೆದು ನಡೆದು ಬಂದ ದಾರಿಹೋಕನೊಬ್ಬ ಬಾವಿಯ ನೀರು ಸೇದಿ ಗಟಗಟ ಕುಡಿಯುವ ಎರಡು ಪುಟ. ಬರೆದವರು ಚೆನ್ನಾಗಿ ಬರೆದಿದ್ದರು, ಓದಮ್ಮ ಇನ್ನೂ ಚೆನ್ನಾಗಿ ಓದಿದರು. ಮುಂದಿನ ಕೂಟಕ್ಕೆ ಎಂಟರಲ್ಲಿ ಆರು ಜನರ ತೂಕ ಮೂರು ಕಿಲೋ ಮೇಲೆ! ಸಿಸ್ಟರ್ ಸೊಂಟಕ್ಕೆ ಕೈಯಿಟ್ಟು ನಿಂತು, “ಯಾರಪ್ಪ ನಿಮಗೆಲ್ಲ ಕುಡಿಸಿದ್ದು?” ಎಂದರೆ, ನಾಲ್ಕನೇ ಹಾಸಿಗೆಯ ಗಡಿಯಾರ ರಿಪೇರಿಯವರು ಮೆಲ್ಲಗೆ ಓದಮ್ಮನ ಜೇಬಿನಲ್ಲಿದ್ದ ಪುಸ್ತಕದ ಕಡೆ ಬೆರಳು ತೋರಿಸಿದರು.

ಅಂದಿನಿಂದ ಪ್ರತಿ ಪುಸ್ತಕವನ್ನೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಾವೇ ಓದಿ, ನೀರು, ಪಾನಕ, ಹಣ್ಣು, ಮಳೆ ಬಂದಲ್ಲೆಲ್ಲ ಪೆನ್ಸಿಲ್ ಗೆರೆ ಎಳೆಯುತ್ತಾರೆ. ಓದುವಾಗ ಆ ಸಾಲುಗಳನ್ನು ಹಾರಿಸುತ್ತಾರೆ. ತಮ್ಮ ಟೀಯನ್ನು ಕೂಡ ಹತ್ತು ಗಂಟೆಯ ನಂತರ, ಬಾಗಿಲಾಚೆ ನಿಂತು, ಆರಿದ ಮೇಲೆಯೇ ಕುಡಿಯುತ್ತಾರೆ.

ಗೆರೆ ಎಳೆದಾದ ಮೇಲೆ ಇನ್ನೊಂದು ಪರೀಕ್ಷೆ. ಓದಮ್ಮನ ಗಂಡ ಸೋಫಾ ಹೊಲಿಯುವವರು. ಸಂಜೆ ಅವರ ಅಂಗಡಿಯಲ್ಲಿ ಹರಿದ ಸೋಫಾಗಳ ನಡುವೆ, ನಾರು ಸ್ಪಂಜುಗಳ ರಾಶಿಯ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಓದಮ್ಮ ಓದುತ್ತಾರೆ, ಗಂಡ ಹೊಲಿಯುತ್ತಾರೆ. ಕಥೆ ಹೇಗಿದೆ ಎಂದು ಆ ಮನುಷ್ಯನನ್ನು ಕೇಳಿ ಪ್ರಯೋಜನವಿಲ್ಲ, ಎಲ್ಲದಕ್ಕೂ “ಪರವಾಗಿಲ್ಲ” ಎನ್ನುತ್ತಾರೆ. ಓದಮ್ಮ ನೋಡುವುದು ಸೂಜಿಯನ್ನು. “ಓದ್ತಾ ಓದ್ತಾ ಓರೆಗಣ್ಣಲ್ಲಿ ನೋಡ್ತೀನಿ. ಸೂಜಿ ನಿಂತ್ರೆ ಪುಸ್ತಕ ಪಾಸು. ಒಂದು ಸಂಜೇಲಿ ಮೂರು ಸಲ ನಿಂತ್ರೆ ಫಸ್ಟ್ ಕ್ಲಾಸು. ಒಂದ್ಸಲ ನಿಲ್ಲಿಸೋದು ಮರೆತು ಬೆರಳಿಗೇ ಚುಚ್ಕೊಂಡ್ರು, ಆ ಪುಸ್ತಕ ಎರಡು ವರ್ಷ ಓದಿದೆ” ಎಂದು ನಗುತ್ತಾರೆ. ಬೈಂಡು ಬಿಟ್ಟ ಪುಸ್ತಕಗಳನ್ನು ಅದೇ ಸೂಜಿದಾರದಲ್ಲಿ ಹೊಲಿದುಕೊಡುವವರೂ ಗಂಡನೇ.

ಏಳು ವರ್ಷದಲ್ಲಿ ಎಪ್ಪತ್ತೊಂಬತ್ತು ಪುಸ್ತಕ ಮುಗಿದಿವೆ. ಬೆಳಗಿನ ಈ ಬಳಗಕ್ಕೆ ಬಂದವರು ಮೂವತ್ತೊಂದು ಜನ. ಈಗಿರುವ ಎಂಟು ಜನರನ್ನು ಬಿಟ್ಟರೆ ಇಬ್ಬರಿಗೆ ಹೊಸ ಕಿಡ್ನಿ ಸಿಕ್ಕಿ ಮನೆಗೆ ಹೋದರು, ಮೂವರು ಬೇರೆ ಊರಿಗೆ ಹೋದರು. ಉಳಿದ ಹದಿನೆಂಟು ಜನ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಓದಮ್ಮ ಅಷ್ಟೂ ಜನರ ಹಾಸಿಗೆಯ ಸಂಖ್ಯೆ, ಅವರು ಆರಿಸಿದ ಪುಸ್ತಕ ಎರಡನ್ನೂ ತಡವರಿಸದೆ ಹೇಳುತ್ತಾರೆ. ಯಾರೇ ಹೋದರೂ ಅವರ ಪುಸ್ತಕ ಅದರ ತಿಂಗಳಿನಲ್ಲಿ ಓದಿಯೇ ತೀರಬೇಕು ಎನ್ನುವುದು ವಾರ್ಡಿನ ಪದ್ಧತಿ. ಹಾಗಾಗಿ ಹೊಸದಾಗಿ ಬಂದವರು ತಮ್ಮ ಹಾಸಿಗೆಯಲ್ಲಿ ಹಿಂದೆ ಮಲಗಿದ್ದವರ ಇಷ್ಟದ ಕಥೆಯನ್ನು, ಅವರ ಮುಖವನ್ನೇ ನೋಡದೆ, ಕೇಳಿಸಿಕೊಳ್ಳುತ್ತಾರೆ.

ವರ್ಷದ ಹನ್ನೆರಡು ತಿಂಗಳು ಹಂಚಿಕೆಯಾಗುವುದು ಹೀಗೆ. ಹಾಸಿಗೆಯವರು ತಾವೇ ಹೆಸರಿಸುವ ಪುಸ್ತಕಕ್ಕೆ ತಲಾ ಒಂದರಂತೆ ಎಂಟು, ಸಿಸ್ಟರ್‌ಗೆ ಒಂದು, ಓದಮ್ಮನಿಗೆ ಒಂದು. ಇನ್ನೆರಡು ತಿಂಗಳನ್ನು ಖಾಲಿ ಬಿಡುತ್ತಾರೆ. ವರ್ಷದ ನಡುವೆ ಹೊಸಬರು ಬಂದೇ ಬರುತ್ತಾರೆ, ಅವರಿಗೂ ಪುಸ್ತಕ ಬೇಕಲ್ಲ. ಪಟ್ಟಿ ತೂಕದ ಯಂತ್ರದ ಎದುರಿನ ಗೋಡೆಯ ಮೇಲೆ ಅಂಟುತ್ತದೆ, ತೂಕಕ್ಕೆ ನಿಂತವರೆಲ್ಲರ ಕಣ್ಣಿಗೆ ಬೀಳುವ ಹಾಗೆ. ಯಾರ ಪುಸ್ತಕ ಯಾವ ತಿಂಗಳು ಎನ್ನುವುದನ್ನು ಮೊದಮೊದಲು ಓದಮ್ಮನೇ ಯೋಚಿಸಿ ಬರೆಯುತ್ತಿದ್ದರು. ಮೂರನೇ ವರ್ಷ ಆ ಯೋಚನೆಯೇ ಅವರ ಕೊರಳಿಗೆ ಸುತ್ತಿಕೊಂಡಿತು.

ಆಗ ಏಳನೇ ಹಾಸಿಗೆಯಲ್ಲಿ ಒಬ್ಬ ಟೈಲರ್ ಇದ್ದರು. ಎಲ್ಲರನ್ನೂ ನಗಿಸುವ ಆಸಾಮಿ. ಆ ಡಿಸೆಂಬರಿನಲ್ಲಿ ಅವರ ಹೃದಯ ಸೋಲುತ್ತಿದೆ ಎಂದು ಡಾಕ್ಟರು ಸಿಸ್ಟರ್‌ಗೆ ಹೇಳಿದ್ದು ಓದಮ್ಮನ ಕಿವಿಗೂ ಬಿತ್ತು. ಪಾಪ, ತಮ್ಮ ಪುಸ್ತಕವನ್ನಾದರೂ ಕೇಳಿಸಿಕೊಂಡು ಹೋಗಲಿ ಎಂದು ಓದಮ್ಮ ಅವರದನ್ನು ಜನವರಿಗೆ ಹಾಕಿದರು. ಒಳ್ಳೆಯ ಮನಸ್ಸಿನಿಂದಲೇ ಹಾಕಿದರು. ಸೋಮವಾರ ಟೈಲರ್ ತೂಕಕ್ಕೆ ನಿಂತವರು ಪಟ್ಟಿ ನೋಡಿದರು. ಸಿಸ್ಟರ್ ತೂಕ ಬರೆದುಕೊಂಡರೂ ಅವರು ಕೆಳಗಿಳಿಯಲಿಲ್ಲ. ತಿರುಗಿ, “ಓದಮ್ಮ, ನನ್ನ ಅಳತೆ ತಗೊಂಡ್ಬಿಟ್ಯಾ?” ಎಂದರು. ವಾರ್ಡಿನಲ್ಲಿ ಯಾರೂ ನಗಲಿಲ್ಲ.

ಬುಧವಾರ ಟೈಲರ್ ಬರಲಿಲ್ಲ. ಶುಕ್ರವಾರವೂ ಬರಲಿಲ್ಲ. ಎರಡು ಸಲ ತಪ್ಪಿಸಿದರೆ ಏನಾಗುತ್ತದೆ ಎಂದು ಇಲ್ಲಿ ಎಲ್ಲರಿಗೂ ಗೊತ್ತು. ಶನಿವಾರ ಓದಮ್ಮ ಎರಡು ಬಸ್ಸು ಬದಲಿಸಿ ಅವರ ಅಂಗಡಿಗೆ ಹೋದರು. ಊದಿದ ಕಾಲುಗಳನ್ನು ಹೊಲಿಗೆ ಯಂತ್ರದ ಕೆಳಗೆ ಚಾಚಿ, ಹೊಲಿಯದೆ, ಸುಮ್ಮನೆ ಕೂತಿದ್ದರಂತೆ. “ಕಾಲು ಹಿಡ್ಕೊಂಡೆ. ತಪ್ಪಾಯ್ತು ಅಣ್ಣ, ಪಟ್ಟಿ ಹರಿದು ಹಾಕ್ತೀನಿ ಅಂದೆ. ಅವರು, ‘ಹರಿದ್ರೆ ಏನ್ ಬಂತು, ನಿನ್ನ ಮನಸ್ಸಲ್ಲಿ ಬರೆದಿರೋದು ಹರಿಯೋಕಾಗುತ್ತಾ?’ ಅಂದ್ರು.”

ಸೋಮವಾರ ಅವರು ಏದುಸಿರು ಬಿಡುತ್ತ ಬಂದರು. ಜನವರಿಯಲ್ಲಿ ಅವರ ಪುಸ್ತಕವನ್ನೂ ಕೇಳಿದರು. ಆಮೇಲೆ ಫೆಬ್ರವರಿ, ಮಾರ್ಚ್, ಏಪ್ರಿಲ್. ಪ್ರತಿ ತಿಂಗಳ ಮೊದಲ ದಿನ, “ಓದಮ್ಮ, ನಾನಿನ್ನೂ ಇದೀನಿ ಕಣಮ್ಮ” ಎಂದು ಛೇಡಿಸುತ್ತಿದ್ದರು. ಸೆಪ್ಟೆಂಬರಿನಲ್ಲಿ ಹೋದರು. “ಅವರು ಕ್ಷಮಿಸಿದ್ರು. ನಂಗೆ ಮಾತ್ರ ಆ ಎರಡು ದಿನ ಮರೆಯೋಕಾಗಲ್ಲ. ಅವರ ಆಯಸ್ಸಲ್ಲಿ ಅಷ್ಟನ್ನ ಕಿತ್ಕೊಂಡವಳು ನಾನೇ ಅನ್ಸುತ್ತೆ” ಎನ್ನುವಾಗ ಓದಮ್ಮನ ಕಣ್ಣು ತುಂಬುತ್ತದೆ. ಒರೆಸಿಕೊಳ್ಳುವುದೂ ಇಲ್ಲ.

ಅಲ್ಲಿಂದ ಮುಂದೆ ಚೀಟಿ ಎತ್ತುವ ಪದ್ಧತಿ ಬಂತು. ಖಾಲಿ ಉಳಿಸುವ ಎರಡನ್ನು ಬಿಟ್ಟು ಹತ್ತು ತಿಂಗಳ ಹೆಸರು ಬರೆದ ಚೀಟಿಗಳನ್ನು ಸೂಜಿ, ಹತ್ತಿ ಇಡುವ ಕಿಡ್ನಿ ಆಕಾರದ ಸ್ಟೀಲ್ ತಟ್ಟೆಗೆ ಹಾಕಿ, ಹಾಸಿಗೆಯಿಂದ ಹಾಸಿಗೆಗೆ ಒಯ್ಯುತ್ತಾರೆ. ಸೂಜಿಯಿಲ್ಲದ ಕೈಯಿಂದ ಒಬ್ಬೊಬ್ಬರೂ ಒಂದೊಂದು ಎತ್ತಬೇಕು. “ಇಡೀ ವಾರ್ಡಿಗೆ ನೆಟ್ಟಗಿರೋ ಕಿಡ್ನಿ ಇದೊಂದೇ, ಹುಷಾರಾಗಿ ಹಿಡ್ಕೋ” ಎನ್ನುವುದು ಪ್ರತಿವರ್ಷ ಡ್ರೈವರ್ ಹಾರಿಸುವ ಚಟಾಕಿ. ಅದೇ ಮಾತಿಗೆ ಎಲ್ಲರೂ ಪ್ರತಿವರ್ಷ ನಗುತ್ತಾರೆ. ವಿಧಿಯ ಕೈಗೆ ಬಿಟ್ಟ ಮೇಲೆ ಯಾರಿಗೂ ಯಾರ ಮೇಲೂ ಗುಮಾನಿ ಇಲ್ಲ.

ಈ ಸಲ ಚೀಟಿಯೂ ಕೆಲಸಕ್ಕೆ ಬರಲಿಲ್ಲ. ಐದನೇ ಹಾಸಿಗೆಯವರು ಅರವತ್ತೊಂದು ವರ್ಷದ ನಿವೃತ್ತ ಗಣಿತದ ಟೀಚರ್. ನಾಲ್ಕು ವರ್ಷದಿಂದ ಬರುತ್ತಿರುವ ಟೀಚರಮ್ಮ ಬಳಗದಲ್ಲಿ ಬಲು ಖಡಕ್ಕು. ಓದಮ್ಮ ನೀರಿನ ಸಾಲು ಹಾರಿಸಿದರೆ ಕಣ್ಣು ಮುಚ್ಚಿಕೊಂಡೇ, “ಇಲ್ಲೊಂದು ವಾಕ್ಯ ನುಂಗಿದೆ” ಎನ್ನುತ್ತಾರೆ. ನವೆಂಬರಿನಿಂದ ಕೇಳಿದರೂ ಅವರು ಪುಸ್ತಕದ ಹೆಸರು ಕೊಡಲಿಲ್ಲ. ಸೂಜಿ ಹಾಕುವ ಅವರ ಕೈಯ ರಕ್ತನಾಳ ಎರಡು ಸಲ ಮುಚ್ಚಿಹೋಗಿದೆ. ಈಗ ಕುತ್ತಿಗೆಯಲ್ಲಿ ನಳಿಕೆ ಕೂರಿಸಬೇಕು, ಅದೂ ಎಷ್ಟು ದಿನ ತಡೆಯುತ್ತದೋ ಹೇಳಲಾಗದು ಎಂದು ಡಾಕ್ಟರು ಅವರಿಗೇ ನೇರವಾಗಿ ಹೇಳಿದ್ದಾರೆ. “ವರ್ಷ ಪೂರ್ತಿ ಅಂತ ಹೇಳೋಕಾಗಲ್ಲ ಅಂದಿದಾರೆ. ಮುಂದಿನ ವರ್ಷದ ಲೆಕ್ಕದಲ್ಲಿ ನನ್ನ ಸೇರಿಸ್ಬೇಡ” ಎಂದರು ಟೀಚರಮ್ಮ.

“ಅವರ ಹೆಸರು ಬಿಟ್ಟು ಪಟ್ಟಿ ಅಂಟಿಸೋದು ಅಂದ್ರೆ ಏನರ್ಥ? ನೀವಿನ್ನು ಹೊರಡಿ ಅಂತ ತಾನೆ? ಅಂಥ ತಪ್ಪು ಒಂದ್ಸಲ ಮಾಡಿ ಆಗಿದೆ, ಸಾಯೋವರೆಗೂ ಸಾಕು” ಎನ್ನುತ್ತಾರೆ ಓದಮ್ಮ. ಚೀಟಿ ಎತ್ತಿದ ದಿನ ಟೀಚರಮ್ಮ ವಾರ್ಡಿನಲ್ಲಿರಲಿಲ್ಲ, ನಳಿಕೆ ಹಾಕಿಸಿಕೊಳ್ಳಲು ಮೇಲಿನ ಮಹಡಿಯಲ್ಲಿದ್ದರು. ಉಳಿದವರೆಲ್ಲ ಎತ್ತಿದ ಮೇಲೆ ತಟ್ಟೆಯಲ್ಲಿ ಒಂದು ಚೀಟಿ ಉಳಿಯಿತು. ಬಿಚ್ಚಿ ನೋಡಿದರೆ ಅಕ್ಟೋಬರ್. ಓದಮ್ಮ ಅದನ್ನು ಮಡಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡರು, ಪಟ್ಟಿಯನ್ನು ಅಂಟಿಸಲಿಲ್ಲ.

ಶುಕ್ರವಾರ ಟೀಚರಮ್ಮ ಬಂದರು. ಕುತ್ತಿಗೆಗೆ ಬಿಳಿ ಬ್ಯಾಂಡೇಜು, ಮುಖದಲ್ಲಿ ರಕ್ತವಿಲ್ಲ, ಹೆಗಲಲ್ಲಿ ಒಂದು ಬಟ್ಟೆ ಚೀಲ. ಚೀಲದಿಂದ ತೆಗೆದು ಹಾಸಿಗೆಯ ಮೇಲೆ ಇಟ್ಟದ್ದು ಒಂದು ಪುಸ್ತಕ. ಇಟ್ಟಿಗೆಯಷ್ಟು ದಪ್ಪ.

“ಇದಾ? ಇಷ್ಟು ದಪ್ಪದ್ದಾ?” ಎಂದು ಓದಮ್ಮ ಬಾಯಿಬಿಟ್ಟರು.

“ನಾನೂರ ಎಂಬತ್ತು ಪುಟ. ನಿನ್ನ ಲೆಕ್ಕದಲ್ಲಿ ಸರಿಯಾಗಿ ಮೂರು ತಿಂಗಳು.”

“ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು ಟೀಚರಮ್ಮ.”

“ಚಾಚಿ ಆಗಿದೆ. ನೀನು ಹಾಸಿಗೆ ಉದ್ದ ಮಾಡು.”

ಕಾಲೇಜಿನ ದಿನಗಳಲ್ಲಿ ಕೊಂಡ ಕಾದಂಬರಿಯಂತೆ ಅದು. ಟೀಚರಮ್ಮ ಮೂರು ಸಲ ಶುರು ಮಾಡಿ ಮೂರು ಸಲವೂ ನಡುವೆ ಬಿಟ್ಟರು. ಮೊದಲ ಸಲ ಮದುವೆ, ಎರಡನೇ ಸಲ ಮಗಳು ಹುಟ್ಟಿದ್ದು, ಮೂರನೇ ಸಲ ವರ್ಗಾವಣೆ. ನಿವೃತ್ತಿಯಾದ ಮೇಲೆ ನಿಧಾನವಾಗಿ ಓದೋಣ ಎಂದು ಎತ್ತಿಟ್ಟರೆ ಕಾಯಿಲೆ ಬಂತು. ಕೊನೆಗೆ ಏನಾಗುತ್ತದೆ ಎಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಕರಗಿ ನೀರಾದ ಓದಮ್ಮನ ಬಾಯಿ ಮತ್ತೆ ಜಾರಿತು. “ಹಾಗಾದ್ರೆ ಜನವರಿಯಿಂದಲೇ ಶುರು ಮಾಡ್ಲಾ?” ಎಂದುಬಿಟ್ಟರು. ಅಂದ ಮರುಕ್ಷಣ ನಾಲಿಗೆ ಕಚ್ಚಿಕೊಂಡರು. ನೆಲ ಬಾಯಿಬಿಡಬಾರದೇ ಅನ್ನಿಸಿತಂತೆ.

ಟೀಚರಮ್ಮ ಸಿಟ್ಟಾಗಲಿಲ್ಲ. ತರಗತಿಯಲ್ಲಿ ಲೆಕ್ಕ ಬಿಡಿಸುವವರ ಹಾಗೆ ನಿಧಾನವಾಗಿ ಹೇಳಿದರು. “ಜನವರಿಗೆ ಹಾಕಿದ್ರೆ ಖಂಡಿತ ಕೇಳ್ತೀನಿ. ಅದಕ್ಕೇ ಬೇಡ. ಕೇಳ್ತೀನೋ ಇಲ್ವೋ ಗೊತ್ತಿಲ್ಲದ ತಿಂಗಳಿಗೆ ಹಾಕು. ವಾರಕ್ಕೆ ಮೂರು ದಿನ ಕತ್ತಲಲ್ಲಿ ಎದ್ದು ಇಲ್ಲಿಗೆ ಬರೋಕೆ ನಂಗೂ ಒಂದು ಕಾರಣ ಬೇಕಲ್ಲ.”

ಓದಮ್ಮ ಜೇಬಿನಿಂದ ಅಕ್ಟೋಬರಿನ ಚೀಟಿ ತೆಗೆದು ಅವರ ಕೈಯಲ್ಲಿಟ್ಟರು. ನವೆಂಬರ್ ಓದಮ್ಮನ ಪಾಲಿಗೆ ಬಂದಿತ್ತು, ಅದನ್ನೂ ಇಟ್ಟರು. ಡಿಸೆಂಬರ್ ಡ್ರೈವರದು. ಯಾರೂ ಅವರನ್ನು ಕೇಳಲಿಲ್ಲ. ಕೇಳುವುದಾದರೂ ಹೇಗೆ? ಇಲ್ಲಿ ಒಬ್ಬರ ತಿಂಗಳು ಅಂದರೆ ಸಣ್ಣ ಆಸ್ತಿಯಲ್ಲ. ಎಲ್ಲರೂ ಯಂತ್ರದ ಗಡಿಯಾರ ನೋಡತೊಡಗಿದರು. ಕೊನೆಗೆ ಡ್ರೈವರೇ ಕೆಮ್ಮಿ, “ತಗೊಳ್ಳಿ ಟೀಚರೇ, ನಂದೂ ತಗೊಳ್ಳಿ. ಅದರ ಮುಂದಿನ ವರ್ಷ ನಾನು ಎರಡು ತಿಂ‌ಗಳು ತಗೋತೀನಿ” ಎಂದರು. ಹಾಗೆ ಏಳು ವರ್ಷದಲ್ಲಿ ಮೊದಲ ಬಾರಿಗೆ ಓದಮ್ಮನ ನೂರ ಅರವತ್ತು ಪುಟದ ಕಾನೂನು ಮುರಿಯಿತು.

ಟೀಚರಮ್ಮನ ಷರತ್ತು ಅಲ್ಲಿಗೇ ಮುಗಿಯಲಿಲ್ಲ. ಸಿಸ್ಟರ್ ಹತ್ತಿರ ಗಾಯಕ್ಕೆ ಅಂಟಿಸುವ ಬಿಳಿ ಟೇಪು ಕೇಳಿ ಪಡೆದರು. ಪುಸ್ತಕದ ಕೊನೆಯ ಮೂರು ಅಧ್ಯಾಯಗಳನ್ನು ಒಟ್ಟು ಹಿಡಿದು, ಓದಮ್ಮನಿಂದಲೇ ಸುತ್ತ ಟೇಪು ಹಾಕಿಸಿದರು. “ಇದನ್ನ ನೀನೂ ಮುಂಚೆ ಓದೋ ಹಾಗಿಲ್ಲ” ಎಂದು ಅಪ್ಪಣೆ ಮಾಡಿದರು. ಪೆನ್ಸಿಲ್ ಗೆರೆ ಎಳೆಯದೆ ಓದುವುದು ಹೇಗೆ, ಅಲ್ಲಿ ನದಿ ಬಂದರೆ, ಮಳೆ ಬಂದರೆ, ಇಡೀ ವಾರ್ಡಿಗೆ ಬಾಯಾರಿದರೆ ಎಂದು ಓದಮ್ಮ ಗೋಗರೆದರು. “ಬಾಯಾರಲಿ ಬಿಡು, ಒಂದು ದಿನ ತಡ್ಕೋತೀವಿ” ಎಂದರು ಟೀಚರಮ್ಮ. ಗಡಿಯಾರ ರಿಪೇರಿಯವರೂ ಹೂಂಗುಟ್ಟಿದರು.

ಪಟ್ಟಿ ಗೋಡೆಗೇರಿ ಮೂರನೇ ದಿನ, ಅಂದರೆ ಮೊನ್ನೆ ಸೋಮವಾರ, ಟೀಚರಮ್ಮನಿಗೆ ಯಂತ್ರದ ಮೇಲಿದ್ದಾಗಲೇ ಚಳಿಜ್ವರ ಬಂತು. ಹಲ್ಲು ಕಟಕಟ ಎನ್ನುವಂಥ ನಡುಕ. ನಳಿಕೆಯಿಂದ ಸೋಂಕು ಏರಿರಬಹುದೆಂದು ಡಾಕ್ಟರು ಓಡಿಬಂದರು, ಸಿಸ್ಟರ್ ಇಂಜೆಕ್ಷನ್ ಕೊಟ್ಟರು. ವಾರ್ಡಿನಲ್ಲಿದ್ದ ಕಂಬಳಿಗಳನ್ನೆಲ್ಲ ಓದಮ್ಮ ಅವರ ಮೇಲೆ ಹೊದಿಸಿದರು. ಮೂರನೇ ಹಾಸಿಗೆಯವರು ತಮ್ಮ ಎರಡನ್ನೂ ಕೊಟ್ಟು ತಾವು ನಡುಗುತ್ತ ಮಲಗಿದ್ದರು. ಆ ದಿನ ಒಂಬತ್ತೂಕಾಲಕ್ಕೆ ಓದು ನಡೆಯಲಿಲ್ಲ. ಓದಮ್ಮ ಐದನೇ ಹಾಸಿಗೆಯ ಪಕ್ಕ ಕುಕ್ಕರಿಸಿ ಕೂತು, ತಡೆಯಲಾರದೆ ಕಿವಿಯ ಬಳಿ ಬಾಗಿ ಕೇಳಿಯೇಬಿಟ್ಟರು.

“ಟೀಚರಮ್ಮ, ಆ ಪುಸ್ತಕ ಲಾಕರಿನಲ್ಲೇ ಇದೆ. ಒಂದು ನಾಲ್ಕು ಪುಟ ಈಗ್ಲೇ ಓದ್ಲಾ? ಬೇಕಾದ್ರೆ ಕೊನೇದೇ ಓದ್ತೀನಿ.”

ಕಂಬಳಿಗಳ ರಾಶಿಯೊಳಗಿಂದ ಬಂದ ದನಿ ಸಣ್ಣದು, ಆದರೆ ಟೀಚರದೇ. “ಸುಮ್ನಿರು. ನಾನು ಒಂದು ದಿನವಾದ್ರೂ ಕ್ಲಾಸಿಗೆ ಲೇಟಾಗಿ ಹೋದವಳಲ್ಲ. ಅಕ್ಟೋಬರ್ ಅಂದ್ರೆ ಅಕ್ಟೋಬರ್.”

ಇಂದು ಬುಧವಾರ. ಟೀಚರಮ್ಮನಿಗೆ ಜ್ವರ ಇಳಿದಿದೆ. ಮೇಲಿನ ಮಹಡಿಯ ವಾರ್ಡಿನಿಂದ ಗಾಲಿಕುರ್ಚಿಯಲ್ಲಿ ಕರೆತಂದಿದ್ದಾರೆ, ಯಂತ್ರಕ್ಕೆ ಹಾಕಿದ್ದಾರೆ. ಕಣ್ಣು ಮುಚ್ಚಿ ಮಲಗಿದ್ದಾರೆ, ಕಿವಿ ತೆರೆದಿದೆ. ಮುಂದೆ ಏನು ಎಂದು ಡಾಕ್ಟರೂ ಹೇಳುತ್ತಿಲ್ಲ, ಯಾರೂ ಕೇಳುತ್ತಿಲ್ಲ. ಒಂಬತ್ತೂಕಾಲಕ್ಕೆ ಓದಮ್ಮ ಕೈ ತೊಳೆದು, ಏಪ್ರನ್ನಿಗೆ ಒರೆಸಿ, ಗೋಡೆಗೆ ಒರಗಿ ನಿಂತು ಓದಲು ತೊಡಗುತ್ತಾರೆ. ‘ಬಾಗಿಲು ತೆರೆದವಳು ತಾಯಿಯಲ್ಲ’ ಎಂಬಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ. ಎಂಟೂ ತಲೆಗಳು ಅವರತ್ತ ತಿರುಗುತ್ತವೆ. ಐದನೇ ಹಾಸಿಗೆಯ ತಲೆ ಕೊಂಚ ತಡವಾಗಿ.

ಹತ್ತು ಗಂಟೆಗೆ ಸೂಜಿಗಳು ಹೊರಬರುತ್ತವೆ, ದಂಡು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತುತ್ತದೆ. ಓದಮ್ಮ ಬಾಗಿಲಾಚೆ ನಿಂತು ಟೀ ಕುಡಿಯುತ್ತಾರೆ. ಹೊಸ ವರ್ಷಕ್ಕೆ ನಿಮ್ಮ ಆಸೆ ಏನು ಎಂದರೆ ಮೊದಲು ನಾಚಿಕೊಂಡು ಮಂಡಿ ನೋವು ಕಡಿಮೆಯಾಗಲಿ ಎನ್ನುತ್ತಾರೆ. ಆಮೇಲೆ ಲೋಟ ಕೆಳಗಿಡುತ್ತಾರೆ.

“ದೊಡ್ಡ ಆಸೆ ಏನಿಲ್ಲ. ಮನೇಲಿ ಇವರು ದಿನಾ ಒಂದೇ ಸಮ ಪೀಡಿಸ್ತಾರೆ, ಆ ಟೇಪು ಕಿತ್ತು ಒಂದ್ಸಲ ನೋಡೇ, ಯಾರಿಗೆ ಗೊತ್ತಾಗುತ್ತೆ ಅಂತ. ಕೀಳೋದು ಎಷ್ಟು ಹೊತ್ತಿನ ಕೆಲಸ? ಆದ್ರೆ ಕೊನೆಗೆ ಏನಾಯ್ತು ಅಂತ ನಾನೊಬ್ಳೇ ತಿಳ್ಕೊಂಡು ಏನ್ ಮಾಡ್ಲಿ?”